ಎಸ್‌ಓಎಸ್ ಅಂತ ಬರೆದುಕೊಟ್ಟ ಮಾತ್ರೆ: ತೆಗೆದುಕೊಳ್ಳುವ ಹೊತ್ತು ಯಾವುದು?

ಘಟ್ಟದ ಮೇಲಿನವಳು

ನಮಸ್ಕಾರ. ನನಗೆ 36 ವರ್ಷ. ಇರುವುದು ತೀರ್ಥಹಳ್ಳಿಯಲ್ಲಿ, ತವರು ಹೆಬ್ರಿ ಹತ್ತಿರ. ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ಆಗುಂಬೆ ಘಾಟಿ ಇಳಿಯಲೇಬೇಕು.

ಹೋದ ಮಳೆಗಾಲದಲ್ಲಿ ಮಿನಿ ಬಸ್ಸಿನಲ್ಲಿ ಇಳಿಯುವಾಗ, ಏಳನೇ ತಿರುವು ಇರಬೇಕು, ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಕೈ ತಣ್ಣಗಾಯಿತು, ಬೆರಳೆಲ್ಲ ಜುಮ್ಮೆಂದವು, ಎಷ್ಟು ಎಳೆದರೂ ಉಸಿರು ಸಾಲುತ್ತಿಲ್ಲ. ಇಲ್ಲೇ ಸತ್ತುಹೋಗುತ್ತೇನೆ ಅಂದುಕೊಂಡೆ. ಇಸಿಜಿ, ಥೈರಾಯ್ಡ್ ಎಲ್ಲ ನೋಡಿದರು, ಏನೂ ಇಲ್ಲ. ಆಮೇಲೆ ಹೋದ ಮನೋವೈದ್ಯರು ಪ್ಯಾನಿಕ್ ಅಂದರು. ಆತಂಕ ತಗ್ಗಿಸುವ ಕ್ಲೋನಜೆಪಾಮ್ 0.25 ಮಿ.ಗ್ರಾಂ ಮಾತ್ರೆ ಬರೆದು ಪಕ್ಕದಲ್ಲಿ ಎಸ್‌ಓಎಸ್ ಅಂತ ಹಾಕಿದರು. "ಬೇಕಾದಾಗ ಮಾತ್ರ ತಗೊಳ್ಳಿ" ಅಂದರು. ಹೊರಗೆ ಬೆಂಚಿನ ತುಂಬಾ ಜನ ಕಾಯುತ್ತಿದ್ದರು. ನಾನೂ ತಲೆಯಾಡಿಸಿ ಎದ್ದು ಬಂದೆ.

ಬೇಕಾದಾಗ ಅಂದರೆ ಯಾವಾಗ? ಇದನ್ನೇ ನಾಲ್ಕು ತಿಂಗಳಿಂದ ಯೋಚಿಸುತ್ತಿದ್ದೇನೆ. ಬಸ್ಸು ಹತ್ತುವ ಮೊದಲೇ ತೆಗೆದುಕೊಂಡರೆ ಸುಮ್ನೆ ಒಂದು ಮಾತ್ರೆ ಹಾಳು, ಅಭ್ಯಾಸವಾದರೆ ಎಂಬ ಭಯ ಬೇರೆ. ಶುರುವಾದ ಮೇಲೆ ತೆಗೆದುಕೊಳ್ಳೋಣ ಅಂದರೆ ಶುರುವಾಯಿತೋ ಇಲ್ಲವೋ ಅಂತ ನೋಡುತ್ತಾ ಕೂತೇ ಜಾಸ್ತಿ ಆಗುತ್ತದೆ. ತಡೆದುಕೊಳ್ಳೋಣ ಅಂತ ಹಲ್ಲು ಕಚ್ಚಿ ಕೂತ ದಿನಗಳೂ ಇವೆ. ಒಂದು ಸಲ ಆಗುಂಬೆಯಲ್ಲೇ ಇಳಿದು ವಾಪಸ್ ಬಂದುಬಿಟ್ಟೆ. ಅಮ್ಮನಿಗೆ ಬಸ್ಸು ಕೆಟ್ಟಿತು ಅಂತ ಸುಳ್ಳು ಹೇಳಿದೆ. ಅಮ್ಮ ಕಡುಬು ಮಾಡಿಟ್ಟುಕೊಂಡು ಕಾದಿದ್ದರು. ಆ ಸುಳ್ಳು ಇನ್ನೂ ಚುಚ್ಚುತ್ತದೆ.

ಹತ್ತು ಮಾತ್ರೆಯ ಸ್ಟ್ರಿಪ್‌ನಲ್ಲಿ ಎರಡು ಮಾತ್ರ ಖರ್ಚಾಗಿವೆ. ಪರ್ಸಿನ ಒಳಜೇಬಿನಲ್ಲಿ ಬಾಚಣಿಗೆ ಪಕ್ಕ ಇರುತ್ತದೆ. ಘಾಟಿ ಹತ್ತಿರ ಬಂದರೆ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಮುಟ್ಟಿ ಮುಟ್ಟಿ ಹಿಂಬದಿಯ ಅಕ್ಷರವೇ ಅಳಿಸಿಹೋಗಿದೆ. ನೀವೆಲ್ಲ ಹೇಗೆ ತೀರ್ಮಾನ ಮಾಡುತ್ತೀರಿ?

ಸಂಜೆಮಲ್ಲಿಗೆ

ಅಕ್ಕಾ, ಸ್ಟ್ರಿಪ್ ಮುಟ್ಟಿ ನೋಡುವುದು ಓದಿ ಕಣ್ಣು ತುಂಬಿತು. ನಾನೂ ಹಾಗೇ ಇದ್ದೆ. ಆರು ವರ್ಷದಿಂದ ಈ ದಾರಿಯಲ್ಲಿದ್ದೇನೆ, ಹುಬ್ಬಳ್ಳಿಯಲ್ಲಿ.

ನನಗೆ ತುಂಬಾ ತಡವಾಗಿ ಗೊತ್ತಾದ ವಿಷಯ ಒಂದಿದೆ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ. ಆಮೇಲೆ ತಾನಾಗಿ ಇಳಿಯಲು ಶುರು. ಮಾತ್ರೆ ಕೆಲಸ ಶುರುಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಅಂದರೆ ನುಂಗಿದ ಹತ್ತೇ ನಿಮಿಷಕ್ಕೆ ಆರಾಮವಾಯಿತು ಅನಿಸಿದರೆ ಅದು ಮಾತ್ರೆಯ ಕೆಲಸ ಅಲ್ಲ, ನಿಮ್ಮ ದೇಹವೇ ಇಳಿಸಿಕೊಂಡಿದ್ದು. ಆದರೆ ಮನಸ್ಸು ಆ ಲೆಕ್ಕವನ್ನೆಲ್ಲ ಮಾತ್ರೆಯ ಹೆಸರಿಗೆ ಬರೆದುಕೊಳ್ಳುತ್ತದೆ. ಮುಂದಿನ ಸಲ ಪರ್ಸ್ ಮರೆತರೆ ಅದೇ ಒಂದು ಹೆದರಿಕೆ.

ನನ್ನ ಕೌನ್ಸೆಲರ್ ಲೆಕ್ಕ ಬರೆಯಲು ಹೇಳಿದರು. ನಾನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ: ಎಷ್ಟು ಹೊತ್ತಿಗೆ ಶುರು, ಹತ್ತಕ್ಕೆ ಎಷ್ಟು ಅಂಕದ ಭಯ, ಎಷ್ಟು ಹೊತ್ತಿಗೆ ಇಳಿಯಿತು. ಎರಡು ತಿಂಗಳು ಬರೆದ ಮೇಲೆ ನೋಡಿದರೆ ಮುಕ್ಕಾಲು ಪಾಲು ಇಪ್ಪತ್ತು ನಿಮಿಷದಲ್ಲಿ ಮುಗಿದಿದ್ದವು. ಉಳಿದವು ಬೇರೆ ತರಹ. ಅಲೆ ಮೇಲೆ ಅಲೆ ಬರುವಂಥವು, ರಾತ್ರಿಯಿಡೀ ಬಿಡದಂಥವು. ಮಾತ್ರೆ ಅವಕ್ಕೆ ಅಂತ ನಾನೂ ಡಾಕ್ಟರೂ ಕೂತು ಗೊತ್ತುಮಾಡಿಕೊಂಡೆವು.

ಆದರೆ ಹಲ್ಲು ಕಚ್ಚಿ ಕೂರುವುದೇ ದೊಡ್ಡದು ಅಂತ ಅಂದುಕೊಳ್ಳಬೇಡಿ. ಬೇಕಾದ ದಿನ ತೆಗೆದುಕೊಂಡರೆ ಸೋತಂತಲ್ಲ.

ಹಳೇ ನರ್ಸ್

ಮಾನಸಿಕ ವಾರ್ಡಿನಲ್ಲಿ 19 ವರ್ಷ ಕೆಲಸ ಮಾಡಿದ್ದೇನೆ. ಕೆಲವು ಮಾತು ಹೇಳಲೇಬೇಕು.

ಕ್ಲೋನಜೆಪಾಮ್ ಬೇಗ ಖಾಲಿಯಾಗುವ ಔಷಧ ಅಲ್ಲ. ರಕ್ತದಲ್ಲಿ ಅರ್ಧದಷ್ಟು ಇಳಿಯಲು 30ರಿಂದ 40 ಗಂಟೆ ಬೇಕು. ಮರುದಿನವೂ ಮಂಪರು ಇರಬಹುದು. ಸ್ಕೂಟಿ ಓಡಿಸಬೇಡಿ. ನಾಲಿಗೆ ಮೇಲೆ ಕರಗುವ ಮಾತ್ರೆಯೂ ಕ್ಷಣದಲ್ಲಿ ಕೆಲಸ ಮಾಡುವುದಿಲ್ಲ. ಇನ್ನೂ ತಗ್ಗಲಿಲ್ಲ ಅಂತ ಅವಸರಕ್ಕೆ ಎರಡನೆಯದನ್ನು ನುಂಗಬೇಡಿ. ಹೆಂಡದ ಜೊತೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ನಿದ್ದೆ ಬರಿಸುವ ಕೆಮ್ಮಿನ ಔಷಧ, ಶೀತದ ಮಾತ್ರೆ ಇದ್ದರೂ ಡಾಕ್ಟರಿಗೆ ಹೇಳಿ. ಬಸುರಿ ಇದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಅದನ್ನೂ ಹೇಳಿ. ಪಕ್ಕದ ಮನೆಯವರಿಗೆ "ನನಗೆ ಒಳ್ಳೇದಾಯಿತು" ಅಂತ ಒಂದು ಕೊಡುವುದಂತೂ ಬೇಡವೇ ಬೇಡ.

ದಿನಾ ತೆಗೆದುಕೊಳ್ಳುವ ಎಸಿಟಾಲೊಪ್ರಾಮ್ ತರಹದ ಮಾತ್ರೆ ಬೇರೆ. ಅದು ಗುಣ ಕಾಣಲು ಕೆಲವು ವಾರ ಬೇಕು, ಬೇಕಾದಾಗ ಒಂದು ಅಂತ ನುಂಗುವಂಥದ್ದಲ್ಲ. ಎದೆ ಹೊಡೆದುಕೊಳ್ಳುವುದಕ್ಕೆ ಕೆಲವರಿಗೆ ಪ್ರೊಪ್ರನೊಲಾಲ್ ಬರೆಯುತ್ತಾರೆ. ಅಸ್ತಮಾ ಇರುವವರಿಗೆ ಅದು ಆಗುವುದಿಲ್ಲ. ನಿಮ್ಮ ಚೀಟಿಯಲ್ಲಿ ಯಾವುದಿದೆ ಅಂತ ಪ್ರತಿಯೊಬ್ಬರೂ ಓದಿಕೊಳ್ಳಿ.

ಡಾಕ್ಟರನ್ನು ಮತ್ತೆ ಕೇಳಲು ಸಂಕೋಚ ಬೇಡ. ಅಷ್ಟರೊಳಗೆ ಕಷ್ಟವಾದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ರಾಯರು

ತಂಗೀ, ನನಗೆ 67. ಬ್ಯಾಂಕಿನಲ್ಲಿದ್ದೆ. ನನಗೂ ಮಾತ್ರೆ ಆಡಿಟ್ ಇದ್ದ ದಿನ ಮಾತ್ರ ಅಂತ ಶುರುವಾಯಿತು. ಆಮೇಲೆ ಮೀಟಿಂಗ್ ದಿನ, ಆಮೇಲೆ ಸೋಮವಾರ, ಕೊನೆಗೆ ದಿನಾ. ಮೂರು ವರ್ಷ ಹಾಗೇ ಹೋಯಿತು. ಒಂದು ದಿನ ಸಿಟ್ಟು ಬಂದು ಪೂರ್ತಿ ಬಿಟ್ಟೆ. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ, ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಕ. ಹಾಗೆ ಒಮ್ಮೆಲೇ ಬಿಟ್ಟರೆ ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ ಅಂತ ಡಾಕ್ಟರು ಬೈದರು. ಆಮೇಲೆ ಚೂರು ಚೂರೇ ಇಳಿಸುತ್ತಾ ಬಂದು ಬಿಡಲು ಎಂಟು ತಿಂಗಳು ಬೇಕಾಯಿತು.

ನಿನಗೆ ಹೆದರಿಸಲು ಹೇಳುತ್ತಿಲ್ಲ. ನಾಲ್ಕು ತಿಂಗಳಲ್ಲಿ ಎರಡು ಎಲ್ಲಿ, ನನ್ನ ಕಥೆ ಎಲ್ಲಿ. ಎಣಿಸುತ್ತಿರು ಅಷ್ಟೇ. ನಾನು ಎಣಿಸಲಿಲ್ಲ.

ಕೆಂಪುನೆಲ

ನನ್ನದೂ ಇದೇ ಪ್ರಶ್ನೆ. ಕೇಳಿದ್ದಕ್ಕೆ ಥ್ಯಾಂಕ್ಸ್ ಅಕ್ಕಾ. ಡಾಕ್ಟರ್ ಏನಂದರು ಅಂತ ಇಲ್ಲಿ ಬರೆಯಿರಿ, ಪ್ಲೀಸ್.

ಘಟ್ಟದ ಮೇಲಿನವಳು (ಮೂರು ವಾರದ ನಂತರ)

ಹೋಗಿ ಬಂದೆ. ಈ ಸಲ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಅದೇ ಚೀಟಿಯ ಹಿಂಬದಿಯಲ್ಲಿ ಉತ್ತರ ಬರೆದುಕೊಟ್ಟರು. ಇದು ನನಗೆ ಹೇಳಿದ್ದು, ನಿಮಗೆ ಬೇರೆ ಇರಬಹುದು.

ಬಸ್ಸಿಗೆ ಮೊದಲು ಅಭ್ಯಾಸದಂತೆ ಬೇಡ. ಶುರುವಾದರೆ ಮೊದಲು ಇಪ್ಪತ್ತು ನಿಮಿಷ ಗಡಿಯಾರ ನೋಡಿ. ಉಸಿರು ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಲಿ. ಇಳಿದು ಓಡಬೇಡಿ. ಇಪ್ಪತ್ತು ನಿಮಿಷ ಕಳೆದರೂ ಏರುತ್ತಲೇ ಇದ್ದರೆ ಒಂದು ತೆಗೆದುಕೊಳ್ಳಿ, ಅವತ್ತಿಗೆ ಅಷ್ಟೇ. ತಿಂಗಳಿಗೆ ನಾಲ್ಕು ದಾಟಿದರೆ ಬನ್ನಿ, ದಿನದ ಮಾತ್ರೆಯ ವಿಚಾರ ಮಾಡೋಣ. ಶಿವಮೊಗ್ಗದಲ್ಲಿ ಸಿಬಿಟಿ (ಯೋಚನೆ, ನಡವಳಿಕೆ ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ) ಮಾಡುವವರ ಹತ್ತಿರವೂ ಕಳಿಸಿದ್ದಾರೆ, ಎರಡು ಸಲ ಹೋಗಿದ್ದೇನೆ.

ಮೊನ್ನೆ ಊರಿಗೆ ಇಳಿದೆ. ಐದನೇ ತಿರುವಿಗೇ ಶುರುವಾಯಿತು. ವಾಚ್ ನೋಡಿದೆ, 8.52. ಡ್ರೈವರ್ ಪ್ರತಿ ತಿರುವಿಗೂ ಹಾರ್ನ್ ಹೊಡೆಯುತ್ತಾರಲ್ವಾ, ಆ ಹಾರ್ನ್ ಎಣಿಸುತ್ತಾ ಉಸಿರು ಬಿಟ್ಟೆ. ಸೀಟಿನ ಮುಂದಿನ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂದರೆ ಅಂಗೈಯಲ್ಲಿ ಗೆರೆ ಮೂಡಿತ್ತು. ಘಾಟಿ ಬುಡದ ಸೋಮೇಶ್ವರ ಬಂದಾಗ 9.10, ಎದೆಬಡಿತ ಅರ್ಧಕ್ಕರ್ಧ ಇಳಿದಿತ್ತು. ಮಾತ್ರೆ ಬೇಕಾಗಲಿಲ್ಲ.

ಅಮ್ಮನಿಗೆ ನಿಜ ಹೇಳಿದೆ, ಬಸ್ಸು ಕೆಟ್ಟಿದ್ದಲ್ಲ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಜ್ಜಿಗೂ ಹೀಗೇ ಎದೆ ಹೊಡ್ಕೊಳ್ತಿತ್ತು, ನಾವು ಏನೇನೋ ದಾರ ಕಟ್ಟಿಸಿದ್ವಿ" ಅಂದರು.

ವಾಪಸ್ ಬರುವ ಹಿಂದಿನ ರಾತ್ರಿ ಮಾತ್ರ ಕಷ್ಟವಾಯಿತು. ಹನ್ನೊಂದಕ್ಕೆ ಶುರುವಾಗಿದ್ದು ಹನ್ನೆರಡಾದರೂ ನಿಲ್ಲಲಿಲ್ಲ, ಹೋಗಿ ಹೋಗಿ ಮತ್ತೆ ಬರುತ್ತಿತ್ತು. ಒಂದು ತೆಗೆದುಕೊಂಡೆ. ಅಮ್ಮ ಪಕ್ಕದಲ್ಲೇ ಕೂತಿದ್ದರು. ಮರುದಿನ ಬೆಳಗಿನ ಬಸ್ಸು ಬಿಟ್ಟು ಮಧ್ಯಾಹ್ನದ್ದಕ್ಕೆ ಬಂದೆ, ಮಂಪರು ಇತ್ತು.

ರಾಯರೇ, ಎಣಿಸುತ್ತಿದ್ದೇನೆ. ಏಳು ಉಳಿದಿವೆ.