ರೂಟ್ ಕೆನಾಲ್‌ನಲ್ಲಿ ಲೇಸರ್ ಕೊಡುವ ಮೊದಲೇ ಮಿಥಿಲೀನ್ ಬ್ಲೂ ಬಿಳಚಿಕೊಳ್ಳುತ್ತಿದೆ, ಯಾಕೆ?

ಪ್ರಶ್ನೆ

ಬಣ್ಣ ಮತ್ತು ಬೆಳಕು ಸೇರಿಸಿ ಕೆನಾಲ್‌ನ ಬ್ಯಾಕ್ಟೀರಿಯಾ ಕೊಲ್ಲುವ ಫೋಟೊಡೈನಮಿಕ್ ವಿಧಾನ ಬಳಸುತ್ತಿದ್ದೇನೆ. ಫೈಲಿಂಗ್ (ಕೆನಾಲ್ ಒಳಗೋಡೆ ಕೆರೆಯುವುದು) ಮುಗಿದ ಮೇಲೆ ತೊಳೆಯಲು 3% ಸೋಡಿಯಂ ಹೈಪೋಕ್ಲೋರೈಟ್, 17% ಇಡಿಟಿಎ (ಕೆರೆದಾಗ ಉಳಿದ ಪದರ ತೆಗೆಯುವ ದ್ರಾವಣ) ಒಂದು ನಿಮಿಷ, ಮತ್ತೆ ಹೈಪೋಕ್ಲೋರೈಟ್. ಆಮೇಲೆ 0.01% ಮಿಥಿಲೀನ್ ಬ್ಲೂ ತುಂಬಿ, ಐದು ನಿಮಿಷ ಬಿಟ್ಟು, 660 ನ್ಯಾನೊಮೀಟರ್ ಡಯೋಡ್ ಲೇಸರ್ 100 ಮಿಲಿವ್ಯಾಟ್‌ನಲ್ಲಿ 90 ಸೆಕೆಂಡು. ಆದರೆ ಲೇಸರ್ ಹಾಕುವ ಹೊತ್ತಿಗೆ ಪೇಪರ್ ಪಾಯಿಂಟ್ (ದ್ರವ ಹೀರುವ ಕಾಗದದ ಸಣ್ಣ ಕಡ್ಡಿ) ಇಳಿಸಿ ನೋಡಿದರೆ ತುದಿ ಹೆಚ್ಚುಕಡಿಮೆ ಬೆಳ್ಳಗಿರುತ್ತದೆ. ಬಣ್ಣವನ್ನು 0.1%ಗೆ ಏರಿಸಿದರೆ ಸರಿಹೋಗುತ್ತದಾ? ಲೇಸರ್ ಇಲ್ಲದಾಗ ಕ್ಯೂರಿಂಗ್ ಲೈಟ್ (ಫಿಲ್ಲಿಂಗ್ ಗಟ್ಟಿ ಮಾಡುವ ದೀಪ) ನಡೆಯುತ್ತದಾ?

ಉತ್ತರ 1

ಬಣ್ಣ ತಿನ್ನುತ್ತಿರುವುದು ಒಳಗೆ ಉಳಿದ ಹೈಪೋಕ್ಲೋರೈಟ್. ಅದು ಮಿಥಿಲೀನ್ ಬ್ಲೂವನ್ನು ಆಕ್ಸಿಡೈಸ್ ಮಾಡಿಬಿಡುತ್ತದೆ. ಬಣ್ಣ ಹೋಯಿತೆಂದರೆ ಬೆಳಕು ಹೀರುವ ಅಣುವೇ ಹೋಯಿತು, ಆಮೇಲೆ ಲೇಸರ್ ಬರೀ ಕೆಂಪು ದೀಪ. ಕೊನೆಯ ಹೈಪೋಕ್ಲೋರೈಟ್ ನಂತರ ಸಲೈನ್, 5% ಸೋಡಿಯಂ ಥಯೋಸಲ್ಫೇಟ್, ಮತ್ತೆ ಧಾರಾಳವಾಗಿ ಸಲೈನ್ ಹಾಯಿಸಿ. ಪೇಪರ್ ಪಾಯಿಂಟ್‌ನಿಂದ ಒರೆಸಿದ ಮೇಲೇ ಬಣ್ಣ ತುಂಬಿ, ಇಲ್ಲದಿದ್ದರೆ ಉಳಿದ ನೀರಿನಲ್ಲೇ ತೆಳುವಾಗುತ್ತದೆ. ಇಡಿಟಿಎ ಹಂತ ಬಿಡಬೇಡಿ. ಸ್ಮಿಯರ್ ಲೇಯರ್ (ಕೆರೆದಾಗ ಗೋಡೆಗೆ ಮೆತ್ತಿಕೊಂಡ ಪುಡಿ) ಇದ್ದರೆ ಡೆಂಟಿನಲ್ ಟ್ಯೂಬ್ಯೂಲ್‌ಗಳ (ಹಲ್ಲಿನ ಗೋಡೆಯ ಸೂಕ್ಷ್ಮ ಕೊಳವೆಗಳ) ಬಾಯಿ ಮುಚ್ಚಿರುತ್ತದೆ; ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಅಡಗುವುದು ಅಲ್ಲೇ.

ಉತ್ತರ 2

0.1% ಬೇಡ, ಅದು ತಿರುಗುಬಾಣ. ದಟ್ಟವಾದಷ್ಟೂ ಮಿಥಿಲೀನ್ ಬ್ಲೂ ಅಣುಗಳು ಜೋಡಿಯಾಗಿ ಡೈಮರ್ ಆಗುತ್ತವೆ. ಒಂಟಿ ಅಣು ಹೀರುವುದು 664 ನ್ಯಾನೊಮೀಟರ್ ಆಸುಪಾಸು, ಡೈಮರ್ 610ರ ಕಡೆ ಸರಿಯುತ್ತದೆ, ಬ್ಯಾಕ್ಟೀರಿಯಾ ಕೊಲ್ಲುವ ಸಿಂಗ್ಲೆಟ್ ಆಕ್ಸಿಜನ್ (ಚುರುಕಾದ ಆಮ್ಲಜನಕ) ಕೂಡ ಕಡಿಮೆ. ಜೊತೆಗೆ ಲೇಸರ್ ಟಿಪ್‌ನ ಸುತ್ತಲಿನ ಬಣ್ಣವೇ ಬೆಳಕನ್ನೆಲ್ಲ ನುಂಗಿ ಗೋಡೆಯ ಬಯೋಫಿಲ್ಮ್‌ಗೆ (ಬ್ಯಾಕ್ಟೀರಿಯಾ ಪದರಕ್ಕೆ) ಏನೂ ಉಳಿಯುವುದಿಲ್ಲ. 0.01% ಎಂದರೆ ಮಿಲಿಲೀಟರಿಗೆ 100 ಮೈಕ್ರೊಗ್ರಾಂ, ಅದೇ ಸಾಕು. 1% ದ್ರಾವಣವಿದ್ದರೆ ಒಂದು ಪಾಲಿಗೆ 99 ಪಾಲು ಸ್ಟೆರೈಲ್ ನೀರು.

ಐದು ನಿಮಿಷವಾದ ಮೇಲೆ ನಿಂತಿರುವ ಹೆಚ್ಚುವರಿ ಬಣ್ಣವನ್ನು ಒಂದು ಪೇಪರ್ ಪಾಯಿಂಟ್‌ನಿಂದ ತೆಗೆಯಿರಿ. ಗೋಡೆಗೆ ಹಿಡಿದದ್ದಷ್ಟೇ ಕೆಲಸಕ್ಕೆ ಬರುತ್ತದೆ. ಪೂರ್ತಿ ಒಣಗಿಸಬೇಡಿ, ತೇವ ಮತ್ತು ಆಮ್ಲಜನಕ ಎರಡೂ ಬೇಕು.

ಕ್ಯೂರಿಂಗ್ ಲೈಟ್ ಈ ಬಣ್ಣಕ್ಕೆ ಆಗುವುದಿಲ್ಲ. ಅದು ನೀಲಿ ಬೆಳಕು, ಹೆಚ್ಚಾಗಿ 430ರಿಂದ 480; ಮಿಥಿಲೀನ್ ಬ್ಲೂ ಅಲ್ಲಿ ಏನೂ ಹೀರುವುದಿಲ್ಲ ಎನ್ನಬಹುದು. ಆ ಬೆಳಕಿಗೆ ಹೊಂದುವುದು ಕರ್ಕ್ಯುಮಿನ್. ಟೊಲುಯಿಡಿನ್ ಬ್ಲೂಗೆ 630ರ ಆಸುಪಾಸು, ಇಂಡೊಸಯನಿನ್ ಗ್ರೀನ್‌ಗೆ 810. ಮೊದಲು ಬಣ್ಣ, ಆಮೇಲೆ ದೀಪ.

ಉತ್ತರ 3

ಮೇಲಿನವರು ಹೇಳದೆ ಬಿಟ್ಟದ್ದು ಲೇಸರ್ ಬೆಳಕನ್ನು ಕೆನಾಲ್ ಒಳಗೆ ಒಯ್ಯುವ ಫೈಬರ್. ಡಿಸ್‌ಪ್ಲೇ 100 ಮಿಲಿವ್ಯಾಟ್ ತೋರಿಸಿದರೂ ತುದಿಯಲ್ಲಿ ಅಷ್ಟೇ ಬರುತ್ತದೆಂದು ನಂಬಬೇಡಿ. ಪವರ್ ಮೀಟರ್‌ನಲ್ಲಿ ಅಳೆಯಿರಿ. ಬರೀ ತುದಿಯಿಂದ ಮುಂದಕ್ಕೆ ಬೆಳಕು ಬೀರುವ ಫೈಬರ್ ಆದರೆ ಬಿಳಿ ಕಾಗದದ ಮೇಲೆ ದುಂಡನೆಯ ಚುಕ್ಕೆ ಬೀಳಬೇಕು, ಅಂಚು ಹರಿದಂತಿದ್ದರೆ ತುದಿ ಸೀಳಿದೆ. ಇಂಥದ್ದನ್ನು ಒಂದೇ ಕಡೆ ಹಿಡಿದರೆ ಪಕ್ಕದ ಗೋಡೆ ಕತ್ತಲಲ್ಲೇ ಇರುತ್ತದೆ. ವರ್ಕಿಂಗ್ ಲೆಂತ್‌ಗಿಂತ (ಕೆನಾಲ್‌ನಲ್ಲಿ ಕೆಲಸ ಮಾಡುವ ಪೂರ್ತಿ ಆಳ) ಒಂದು ಮಿಲಿಮೀಟರ್ ಮೇಲಿನಿಂದ ಸುರುಳಿಯಾಗಿ ನಿಧಾನಕ್ಕೆ ಮೇಲೆಳೆದು ಮತ್ತೆ ಇಳಿಸಿ. ಸಲೀಸಾಗಿ ಇಳಿಯದಿದ್ದರೆ ಕೆನಾಲ್ ಇನ್ನೂ ಕಿರಿದು ಎಂದರ್ಥ, ಒತ್ತಿದರೆ ಒಳಗೇ ಮುರಿಯುತ್ತದೆ.

90 ಸೆಕೆಂಡಿಗೆ 9 ಜೂಲ್ ಆಯಿತು. ಅದನ್ನು 30 ಸೆಕೆಂಡಿನ ಮೂರು ಕಂತು ಮಾಡಿ ನಡುವೆ ಬಿಡುವು ಕೊಡುವುದು ವಾಸಿ, ಖರ್ಚಾದ ಆಮ್ಲಜನಕ ಮತ್ತೆ ಬಂದು ಸೇರಲು ಸಮಯ ಸಿಗುತ್ತದೆ. ರೋಗಿಗೂ ಸಹಾಯಕರಿಗೂ 660ಕ್ಕೆ ತಕ್ಕ ಕನ್ನಡಕ.

ಬಣ್ಣವನ್ನು ಸಿಮೆಂಟೊ-ಎನಾಮೆಲ್ ಗಡಿಯಿಂದ (ಕ್ರೌನ್ ಮತ್ತು ಬೇರು ಸೇರುವ ಗೆರೆ) ಬೇರಿನ ಕಡೆಗೇ ಇಡಿ, ಮುಂಭಾಗದ ಹಲ್ಲಾದರೆ ಕ್ರೌನ್ ನೀಲಿಯಾಗುತ್ತದೆ. ಉಳಿದ ಬಣ್ಣ ತೊಳೆಯಲು, ತಮಾಷೆಯೆಂದರೆ, ಅದೇ ಹೈಪೋಕ್ಲೋರೈಟ್ ಬೇಕು. ಆಮೇಲೆ ಸಲೈನ್, ನಂತರ ಫಿಲ್ಲಿಂಗ್.