ಅಪ್ಪನ ಮಣ್ಣಿನ ದಿನ ಓದಿದ ಬೈಬಲ್‌ನ 49ನೇ ಕೀರ್ತನೆ ಮನಸ್ಸಿಗೆ ಚುಚ್ಚುತ್ತಿದೆ, ಯಾರಾದರೂ ಬಿಡಿಸಿ ಹೇಳ್ತೀರಾ?

ಟೈಲರ್ ಮಗಳು:
ಎಲ್ಲರಿಗೂ ವಂದನೆ. ಅಪ್ಪ ಹೋಗಿ ಐದು ವಾರ ಆಯಿತು. ಮಣ್ಣಿನ ದಿನ ಪಾದ್ರಿ ಅಯ್ಯನವರು 49ನೇ ಕೀರ್ತನೆ ಓದಿದರು. ಸಾಯುವಾಗ ಮನುಷ್ಯ ಏನೂ ತಗೊಂಡು ಹೋಗಲ್ಲ ಅನ್ನೋ ವಚನ ಬಂದಾಗ ನನಗೆ ಸಂಕಟವಾಯಿತು. ಅಪ್ಪ ಸಾಹುಕಾರರೇನಲ್ಲ. ಮೂವತ್ತು ವರ್ಷ ಮಿಷನ್ ತುಳಿದು ಒಂದು ಸೈಟು, ಸ್ವಲ್ಪ ಎಫ್‌ಡಿ ಮಾಡಿಟ್ಟಿದ್ದರು, ಅಷ್ಟೇ. ಆ ಸೈಟು ಮಾರಿ 19 ದಿನ ಐಸಿಯು ಬಿಲ್ಲು ಕಟ್ಟಿದೆವು. ಉಳಿಯಲಿಲ್ಲ. ಈಗ ಅಣ್ಣ ಸುಮ್ನೆ ಸೈಟು ಕಳೆದೆ ಅಂತಾನೆ, ಎಫ್‌ಡಿ ಪಾಲು ಕೇಳಿ ದಿನಾ ಫೋನ್ ಮಾಡ್ತಾನೆ. ದುಡಿದು ಕೂಡಿಟ್ಟಿದ್ದೇ ತಪ್ಪು ಅಂತ ಸತ್ಯವೇದ ಹೇಳುತ್ತಾ?

ಗದಗದ ಅಜ್ಜ:
ತಂಗೀ, ಅದೇ ಕೀರ್ತನೆಯನ್ನು 7ನೇ ವಚನದಿಂದ ನಿಧಾನವಾಗಿ ಓದು. ಯಾರೂ ತನ್ನ ಅಣ್ಣತಮ್ಮಂದಿರ ಪ್ರಾಣಕ್ಕೆ ಈಡು ಕೊಟ್ಟು ಬಿಡಿಸಿಕೊಳ್ಳಲಾರ, ಆ ಬೆಲೆ ಯಾರ ಕೈಗೂ ಎಟುಕುವುದಲ್ಲ ಅಂತಿದೆ. ಸೈಟು ಮಾರಿ ನೀನು ಮಾಡಿದ್ದು ಅದೇ ಅಲ್ವಾ, ಅಪ್ಪನನ್ನು ಬಿಡಿಸಿಕೊಳ್ಳೋಕೆ ನೋಡಿದೆ. ಅದು ಪ್ರೀತಿ, ಕಳೆದದ್ದಲ್ಲ. ಆದರೆ 15ನೇ ವಚನ ಬಿಡಬೇಡ: ದೇವರೇ ನನ್ನ ಪ್ರಾಣವನ್ನು ಪಾತಾಳದ ಹಿಡಿತದಿಂದ ಬಿಡಿಸುತ್ತಾನೆ. ಮೂಲ ಹೀಬ್ರೂದಲ್ಲಿ ಎರಡೂ ಕಡೆ ಬಿಡಿಸುವುದಕ್ಕೆ ಒಂದೇ ಕ್ರಿಯಾಪದ. ನಾವು ಕಟ್ಟಲಾಗದ ಬಿಲ್ಲನ್ನು ಆತನೇ ಕಟ್ಟುತ್ತಾನೆ ಅಂತ ನಾನು ಓದಿಕೊಳ್ಳುತ್ತೇನೆ. ನನ್ನ ಹೆಂಡತಿ ತೀರಿಹೋದ ವರ್ಷ ಈ ಒಂದು ವಚನ ಹಿಡಿದುಕೊಂಡೇ ರಾತ್ರಿ ಕಳೆದಿದ್ದೇನೆ.

ಕಣಜ:
ಲೂಕನ ಸುವಾರ್ತೆ 12ನೇ ಅಧ್ಯಾಯ ತೆಗೆಯಿರಿ. ಯೇಸುವಿನ ಹತ್ತಿರ ಒಬ್ಬ ಬಂದು, ಆಸ್ತಿ ಪಾಲು ಮಾಡಿಕೊಡೋಕೆ ನಮ್ಮಣ್ಣನಿಗೆ ಹೇಳು ಅಂತಾನೆ. ನಿಮ್ಮ ಮನೆಯದೇ ಜಗಳ! ಅದಕ್ಕೆ ಉತ್ತರವಾಗಿ ಬಂದದ್ದು ಸಿರಿವಂತ ರೈತನ ಸಾಮ್ಯ, ಅಂದರೆ ದೃಷ್ಟಾಂತ ಕಥೆ. ಅವನು ಕದ್ದವನಲ್ಲ, ಹೊಲ ಚೆನ್ನಾಗಿ ಬೆಳೆದಿತ್ತು. ಆದರೆ ಅವನ ಮಾತು ಕೇಳಿ: ನನ್ನ ಬೆಳೆ, ನನ್ನ ಕಣಜ, ನನ್ನ ದವಸ, ನನ್ನ ಪ್ರಾಣ. ಹೆಂಡತಿ ಇಲ್ಲ, ಆಳು ಇಲ್ಲ, ನೆರೆಯವರಿಲ್ಲ, ತನ್ನ ಜೊತೆ ತಾನೇ ಮಾತಾಡ್ತಾನೆ. ಆ ರಾತ್ರಿಯೇ ಪ್ರಾಣ ಹೋಗುತ್ತೆ. ಕೂಡಿಟ್ಟದ್ದಕ್ಕಿಂತ ತನಗೊಬ್ಬನಿಗೇ ಕೂಡಿಟ್ಟದ್ದು ಅಲ್ಲಿ ತಪ್ಪು. 1 ತಿಮೊಥೆ 6:10 ಕೂಡ ಹಣ ಕೆಟ್ಟದ್ದು ಅನ್ನಲ್ಲ, ಹಣದ ಆಸೆ ಕೆಟ್ಟದ್ದರ ಬೇರು ಅನ್ನುತ್ತೆ. ಜನ ಅರ್ಧ ಹೇಳಿ ಬಿಡ್ತಾರೆ. ಯೇಸುವನ್ನು ಇಟ್ಟ ಸಮಾಧಿಯೂ ಒಬ್ಬ ಸಿರಿವಂತನದೇ. ಅರಿಮಥಾಯದ ಯೋಸೇಫ ತನಗೆ ಅಂತ ಕೊರೆಸಿದ ಹೊಸ ಸಮಾಧಿ ಬಿಟ್ಟುಕೊಟ್ಟ, ಮತ್ತಾಯ 27ರಲ್ಲಿದೆ.

ಸುಮ್ನೆ ಓದುವವ:
ನಾನು ಕ್ರೈಸ್ತನಲ್ಲ, ಗೌರವದಿಂದಲೇ ಕೇಳ್ತೀನಿ. ಸತ್ತ ಮೇಲೆ ಒಳ್ಳೆಯದಿದೆ ಅಂದುಬಿಟ್ಟರೆ ಅಳುವವರ ಬಾಯಿ ಮುಚ್ಚಿಸಿದಂತೆ ಆಗಲ್ವಾ?

ಗದಗದ ಅಜ್ಜ:
ಆಗಬಾರದು ತಮ್ಮಾ. ಹಾಗೆ ಮಾಡುವವರಿದ್ದಾರೆ, ನನಗೂ ಮಾಡಿದರು, ನೋವಾಯಿತು. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅವನಿಗಾಗಿ ಅತ್ತ, ಯೋಹಾನ 11:35. ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಪೌಲ ಥೆಸಲೊನೀಕ ಊರಿನವರಿಗೆ ಅಳಬೇಡಿ ಅನ್ನಲಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ಅಳಬೇಡಿ ಅಂದ. ಆ ನಿರೀಕ್ಷೆಯೂ ಆತ್ಮ ಎಲ್ಲೋ ಹಾರಿಹೋಗುತ್ತೆ ಅನ್ನುವಷ್ಟಕ್ಕೇ ನಿಲ್ಲಲ್ಲ. 1 ಕೊರಿಂಥ 15ರಲ್ಲಿ ಬೀಜದ ಮಾತಿದೆ: ಬಿತ್ತುವುದು ಬರಿಯ ಕಾಳು, ಏಳುವುದು ಪೈರು. ದೇಹವೇ ಎದ್ದು ಬರುತ್ತದೆ, ಕ್ರಿಸ್ತ ಅದರ ಮೊದಲ ಫಲ. ಅದಕ್ಕೇ ಆ ಅಧ್ಯಾಯದ ಕೊನೆಯಲ್ಲಿ, ಕರ್ತನಲ್ಲಿ ಪಟ್ಟ ನಿಮ್ಮ ದುಡಿಮೆ ವ್ಯರ್ಥವಲ್ಲ ಅಂತ ಬರೆದ.

ಟೈಲರ್ ಮಗಳು:
ಅಜ್ಜ, 15ನೇ ವಚನ ಅವತ್ತು ನನ್ನ ಕಿವಿಗೇ ಬಿದ್ದಿರಲಿಲ್ಲ. ಈಗ ಮೂರು ಸಲ ಓದಿದೆ, ಅತ್ತೆ. ಕಣಜ ಅವರೇ, ನಿಮ್ಮ ಮಾತು ಓದಿ ಅಪ್ಪನ ಅಳತೆ ಪುಸ್ತಕ ತೆಗೆದೆ. ಎದೆ, ಸೊಂಟ, ತೋಳು, ಪಕ್ಕದಲ್ಲಿ ಬಾಕಿ ದುಡ್ಡು. ಶಾಲೆ ಯೂನಿಫಾರಂ ಹೊಲಿಸಿದ ಹನ್ನೊಂದು ಹೆಸರಿನ ಮುಂದೆ ಬಾಕಿ ಹೊಡೆದು ಹಾಕಿ, ಪೆನ್ಸಿಲ್‌ನಲ್ಲಿ 'ಬಿಟ್ಟೆ' ಅಂತ ಬರೆದಿದ್ದಾರೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಅಣ್ಣನನ್ನು ಮನೆಗೆ ಕರೆದಿದ್ದೇನೆ. ಎಫ್‌ಡಿ ಕಾಗದ ತೋರಿಸುವ ಮೊದಲು ಆ ಹಾಳೆ ತೋರಿಸ್ತೀನಿ.