ಹೆಸರಿಲ್ಲದ ಫಲಕ: ನಮ್ಮೂರಿನ ಯುದ್ಧ ಸ್ಮಾರಕವನ್ನು ಹೇಗೆ ಕಟ್ಟಬೇಕು?

ಪ್ರಶ್ನೆ (ಖಾನಾಪುರ ತಾಲ್ಲೂಕಿನಿಂದ)

ನಮ್ಮೂರಿನ ಹಳೆಯ ಚಾವಡಿಯ ಗೋಡೆಯಲ್ಲಿ ಸುಮಾರು ಒಂದೂವರೆ ಅಡಿ ಅಗಲದ ಬಿಳಿ ಅಮೃತಶಿಲೆಯ ಫಲಕವೊಂದಿದೆ. 1914ರಿಂದ 1919ರವರೆಗಿನ ಮಹಾಯುದ್ಧಕ್ಕೆ ಈ ಊರಿನಿಂದ ಇಷ್ಟು ಜನ ಹೋದರು, ಅವರಲ್ಲಿ ಮೂವರು ಪ್ರಾಣ ತೆತ್ತರು ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಕೆತ್ತಲಾಗಿದೆ. ಹೋದವರ ಸಂಖ್ಯೆ ಇರುವ ಜಾಗದಲ್ಲಿ ಸುಣ್ಣದ ಮೇಲೆ ಸುಣ್ಣ ಬಿದ್ದು ಅಂಕಿ ಮುಚ್ಚಿಹೋಗಿದೆ. ಆ ಮೂವರು ಯಾರೆಂಬುದನ್ನು ಊರಿನಲ್ಲಿ ಯಾರೂ ಖಚಿತವಾಗಿ ಹೇಳುತ್ತಿಲ್ಲ.

ಈಗ ಚಾವಡಿಯ ದುರಸ್ತಿ ನಡೆಯಲಿದ್ದು, ಅದರ ಮುಂದೆ ಹೊಸ ಸ್ಮಾರಕವನ್ನು ಕಟ್ಟಬೇಕೆಂದು ಮಾಜಿ ಸೈನಿಕರು ಮತ್ತು ಪಂಚಾಯಿತಿಯವರು ಸೇರಿ ನಿರ್ಧರಿಸಿದ್ದಾರೆ. ಸದ್ಯದ ನಕ್ಷೆಯಲ್ಲಿ ಒಂದು ಕಾಂಕ್ರೀಟ್ ಕಂಬ, ಅದರ ಮೇಲೆ ಬಣ್ಣ ಬಳಿದ ಸೈನಿಕನ ಮೂರ್ತಿ, ಕೆಳಗೆ ಹೊಳಪಿನ ಕಪ್ಪು ಗ್ರಾನೈಟ್ ಇವೆ. ಇದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ಹಳೆಯ ಫಲಕದ ಹಿನ್ನೆಲೆ ಏನು, ಆ ಮೂವರ ಹೆಸರು ಸಿಗಲು ದಾರಿಯಿದೆಯೇ, ನಮ್ಮ ಸೀಮೆಗೆ ಹೊಂದುವ ವಿನ್ಯಾಸ ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಬೆಳಗಾವಿಯಿಂದ, ನಿವೃತ್ತ ಸೈನಿಕ)

ಆ ಫಲಕ ನಿಮ್ಮೂರಿಗಷ್ಟೇ ಸೀಮಿತವಾದದ್ದಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಹೆಚ್ಚು ಜನರನ್ನು ಸೇನೆಗೆ ಕಳುಹಿಸಿದ ಹಳ್ಳಿಗಳಲ್ಲಿ ಅಂದಿನ ಸರ್ಕಾರ ಒಂದೇ ಒಕ್ಕಣೆಯ ಫಲಕಗಳನ್ನು ನೆಡಿಸಿತು. ಊರಿಂದೂರಿಗೆ ಬದಲಾಗುತ್ತಿದ್ದುದು ಅಂಕಿಗಳು ಮಾತ್ರ. ಕದನ 1918ರ ನವೆಂಬರಿನಲ್ಲಿ ನಿಂತರೂ ಜರ್ಮನಿಯೊಡನೆ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ರಂದು, ಆದ್ದರಿಂದಲೇ ಫಲಕದಲ್ಲಿ 1919 ಎಂದಿದೆ.

ನಮ್ಮ ಕಡೆಯಿಂದ ಮರಾಠಾ ಪಲ್ಟನ್ನುಗಳಿಗೆ ಸೇರಿದವರಲ್ಲಿ ಬಹಳ ಜನ ಹೋದದ್ದು ಮೆಸಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಕುಟ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದ ಪುಣೆ ಡಿವಿಷನ್ನಿನಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟನ್ನುಗಳಿದ್ದವು. ಅನ್ನವಿಲ್ಲದೆ ಶರಣಾದ ಮೇಲೆ ಸೆರೆಯ ದಾರಿಯಲ್ಲಿ ಸತ್ತ ಎಷ್ಟೋ ಜನರಿಗೆ ಗೋರಿಯೂ ಇಲ್ಲ, ಚಿತೆಯೂ ಇಲ್ಲ. 1918ರ ಅಕ್ಟೋಬರ್ ಕೊನೆಯಲ್ಲಿ ಟೈಗ್ರಿಸ್ ದಂಡೆಯ ಶರ್ಕತ್‌ನಲ್ಲಿ ನಡೆದ ಕಾಳಗದಲ್ಲಿ 114ನೇ ಮರಾಠಾ ಪಲ್ಟನ್ ಹೋರಾಡಿತು. ಅದೇ ಪಲ್ಟನ್ 1922ರ ಪುನಾರಚನೆಯಲ್ಲಿ ತರಬೇತಿ ಪಲ್ಟನ್ ಆಯಿತು, ಮುಂದೆ ದಳದ ಕೇಂದ್ರವಾದದ್ದೂ ಅದೇ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿರುವ ಶರ್ಕತ್ ಯುದ್ಧ ಸ್ಮಾರಕಕ್ಕೆ ಆ ಹೆಸರು ಬಂದದ್ದು ಆ ಕಾಳಗದಿಂದ. ನಾವು ಹೂಮಾಲೆ ಇಟ್ಟು ವಂದಿಸುವಾಗ ಎಷ್ಟೋ ಹೊಸ ಜವಾನರಿಗೆ ಶರ್ಕತ್ ಇರಾಕಿನ ಊರೆಂಬುದೇ ತಿಳಿದಿರುತ್ತಿರಲಿಲ್ಲ.

ಹೆಸರುಗಳ ವಿಷಯಕ್ಕೆ ಬರುತ್ತೇನೆ. ಇರಾಕಿನಲ್ಲಿ 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರನ್ನೂ ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಸಾವಿರಾರು ಭಾರತೀಯ ಸಿಪಾಯಿಗಳನ್ನು ಮಾತ್ರ ಪಲ್ಟನ್ನಿನ ಹೆಸರಿನ ಕೆಳಗೆ ಬರೀ ಸಂಖ್ಯೆಯಾಗಿ ತೋರಿಸಿದರು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ತೆರೆದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ, ಆದ್ದರಿಂದ ಕೆತ್ತಲು ಆಗುತ್ತಿರಲಿಲ್ಲವೆಂದು ಹೇಳುವಂತಿಲ್ಲ. ಈ ತಾರತಮ್ಯವನ್ನು ಇಂಥ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವೇ 2021ರಲ್ಲಿ ಒಪ್ಪಿಕೊಂಡಿತು.

ಕಲ್ಲಿನ ಮೇಲೆ ಇಲ್ಲದ ಹೆಸರುಗಳು ದಾಖಲೆಯಲ್ಲಿ ಇವೆ. ಆಯೋಗದ ಜಾಲತಾಣದಲ್ಲಿ ಹುಡುಕಿದರೆ ಅನೇಕ ಸಿಪಾಯಿಗಳ ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ಸಿಗುತ್ತವೆ. ನಿಮ್ಮೂರಿನ ಹೆಸರನ್ನು ಅಂದಿನ ಗುಮಾಸ್ತನ ಕಿವಿಗೆ ಕೇಳಿಸಿರಬಹುದಾದ ಎಲ್ಲ ರೂಪಗಳಲ್ಲೂ ಬರೆದು ನೋಡಬೇಕು. ಬಾಗಲಕೋಟೆ ಕಡೆಯವರು ಹುಡುಕುವುದಾದರೆ ಬಿಜಾಪುರ ಜಿಲ್ಲೆಯೆಂದೇ ಹುಡುಕಬೇಕು, ಏಕೆಂದರೆ ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಉತ್ತರ (ಬಾದಾಮಿಯಿಂದ, ಶಿಲ್ಪದ ಕೆಲಸ ಮಾಡುವವನು)

ಮೇಲಿನವರು ಬರೆದದ್ದನ್ನು ಓದಿ ನನಗೆ ಮೊದಲು ನೆನಪಾದದ್ದು ಮಂಡ್ಯ ಸೀಮೆಯ ಆತಕೂರಿನ ಶಾಸನ. ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಕಲ್ಲದು. ನಾಯಿಯ ಹೆಸರನ್ನೂ ಮರೆಯದ ನಾಡಿನಲ್ಲಿ, ಬಸ್ರಾದವರೆಗೆ ಹೋಗಿ ಸತ್ತ ಮನುಷ್ಯರು ಬರೀ ‘ಮೂವರು’ ಆಗಿ ಉಳಿದಿರುವುದು ನನಗೆ ಸಹಿಸಲಾಗದ ಸಂಗತಿ.

ನಮ್ಮ ವೀರಗಲ್ಲುಗಳು ರಾಜರಿಗಾಗಿ ನಿಂತವಲ್ಲ. ತುರುಗೋಳಿನಲ್ಲಿ (ದನಗಳನ್ನು ಕದ್ದೊಯ್ಯುವವರೊಡನೆ ನಡೆದ ಕಾಳಗದಲ್ಲಿ), ಊರಳಿವಿನಲ್ಲಿ (ಊರಿನ ಮೇಲೆ ದಾಳಿಯಾದಾಗ), ಹೆಣ್ಣುಮಕ್ಕಳ ಮಾನ ಕಾಯುವಾಗ ಸತ್ತ ಸಾಮಾನ್ಯರಿಗಾಗಿ ನಿಂತವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ, ನೆತ್ತಿಯಲ್ಲಿ ಸೂರ್ಯಚಂದ್ರರು: ಕಣ್ಣು ಕೆಳಗಿನಿಂದ ಮೇಲಕ್ಕೆ ಏರುವಂತೆ ಕಥೆಯನ್ನು ಜೋಡಿಸಿದ ಕ್ರಮವಿದು. ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ ಬರಹ ಬರುತ್ತದೆ. ಹಾಗೆಂದು ಇಂದಿನ ಸ್ಮಾರಕದಲ್ಲಿ ಅಪ್ಸರೆಯರನ್ನು ಕೆತ್ತಬೇಕೆಂದು ನಾನು ಹೇಳುವುದಿಲ್ಲ. ಎಲ್ಲ ಮತದ ಮನೆಗಳವರೂ ಬಂದು ನಿಲ್ಲಬೇಕಾದ ಜಾಗವದು. ಆದರೆ ಆಳೆತ್ತರದ ಒಂದೇ ಕಲ್ಲು, ಅದರಲ್ಲಿ ಬರಹಕ್ಕೆಂದೇ ಬಿಟ್ಟ ಅಡ್ಡಪಟ್ಟಿಗಳು, ತಲೆಯಲ್ಲಿ ಸೂರ್ಯಚಂದ್ರರು, ಇಷ್ಟಿದ್ದರೆ ನಮ್ಮ ಜನ ಹೇಳಿಸಿಕೊಳ್ಳದೆಯೇ ಅದನ್ನು ಗುರುತಿಸುತ್ತಾರೆ. ಕಂಬದ ಮೇಲಿನ ಮೂರ್ತಿಯನ್ನು ಕತ್ತೆತ್ತಿ ನೋಡಬೇಕು, ವೀರಗಲ್ಲಿಗೆ ಎದುರುಬದುರಾಗಿ ನಿಲ್ಲಬಹುದು, ಹೆಸರನ್ನು ಬೆರಳಿನಿಂದ ಮುಟ್ಟಬಹುದು.

ಕಲ್ಲಿನ ಆಯ್ಕೆಯಲ್ಲಿ ದುಡುಕಬೇಡಿ. ನಮ್ಮಲ್ಲಿ ಕಪ್ಪೆ ಅರಭಟ್ಟನ ಶಾಸನ ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಸುಮಾರು 1,300 ವರ್ಷಗಳಿಂದ ಮರಳುಗಲ್ಲಿನ ಮೇಲೆ ಓದಲು ಸಿಗುತ್ತಿದೆ. ಅದು ಬಂಡೆಯ ಮೈಯಲ್ಲಿ ಎತ್ತರದಲ್ಲಿ ಇರುವುದರಿಂದ ನೆಲದ ತೇವ ಅದಕ್ಕೆ ತಾಕದು. ಅದೇ ಕಲ್ಲನ್ನು ಖಾನಾಪುರದ ಮಳೆಯಲ್ಲಿ ನೆಲದಲ್ಲಿ ನೆಟ್ಟರೆ ಬುಡದಿಂದ ನೀರು ಹೀರಿ ಹಕ್ಕಳೆಯೇಳುತ್ತದೆ. ನಿಮಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಸರಿ. ಆದರೆ ಹೊಳಪು ಕೊಡಿಸಬೇಡಿ. ಹೊಳಪಿನ ಕಲ್ಲಿನಲ್ಲಿ ಅಕ್ಷರವನ್ನು ತೆಳುವಾಗಿ ಕೊರೆದು ಬಂಗಾರದ ಬಣ್ಣ ತುಂಬುತ್ತಾರೆ, ನಾಲ್ಕಾರು ಮಳೆಗಾಲಕ್ಕೆ ಬಣ್ಣ ಹೋದ ಮೇಲೆ ಏನೂ ಕಾಣುವುದಿಲ್ಲ. ಮಂದ ಮೈಯ ಕಲ್ಲಿನಲ್ಲಿ ಆಳವಾಗಿ ಕೆತ್ತಿದ ಅಕ್ಷರವನ್ನು ನೆರಳೇ ಓದಿಸುತ್ತದೆ. ಇನ್ನೊಂದು ಮಾತು: ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಫಲಕ ನೋಡಿ ನಿರ್ಧರಿಸಬೇಡಿ. ಲಕ್ಷ್ಮಣ ಎಂಬ ಒಂದೇ ಹೆಸರಿನ ಒತ್ತಕ್ಷರಗಳು ಎಷ್ಟು ಕೆಳಗೆ ಇಳಿಯುತ್ತವೆ ನೋಡಿ. ಜಾಗ ಸಾಲದೆ ಒತ್ತನ್ನು ಕಿರಿದು ಮಾಡಿದರೆ ಧೂಳು ತುಂಬಿ ಹೆಸರೇ ಕೆಡುತ್ತದೆ.

ಹಳೆಯ ಫಲಕವನ್ನು ಗೋಡೆಯಿಂದ ಕೀಳಬೇಡಿ. ಅಮೃತಶಿಲೆಗೆ ಆಸಿಡ್ ತಾಕಬಾರದು. ಒಣಗಿದ ಸುಣ್ಣವನ್ನು ಬಿದಿರಿನ ಚಕ್ಕೆಯಿಂದ ನಿಧಾನವಾಗಿ ಎಬ್ಬಿಸಿ, ಬರೀ ನೀರು ಮತ್ತು ಮೆತ್ತನೆಯ ಕುಂಚದಿಂದ ತೊಳೆಯಿರಿ. ರಾತ್ರಿ ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಹಾಯಿಸಿದರೆ ಸವೆದ ಅಂಕಿಯೂ ಎದ್ದು ಕಾಣುತ್ತದೆ.

ಉತ್ತರ (ವಿಜಯಪುರದಿಂದ)

ಒಂದೇ ಕಲ್ಲು ಎಂಬ ಸಲಹೆಗೆ ನನ್ನದೊಂದು ತಿದ್ದುಪಡಿ ಇದೆ. ನನ್ನ ಸೋದರಮಾವನ ಊರಿನಲ್ಲಿ ಅಂಥ ಕಲ್ಲಿನ ಕೆಳಭಾಗದಲ್ಲಿ ‘ಮುಂದಿನ ಹೆಸರುಗಳಿಗೆ’ ಎಂದು ಜಾಗ ಖಾಲಿ ಬಿಟ್ಟಿದ್ದಾರೆ. ಗಡಿಯಲ್ಲಿ ಮಗನಿರುವ ತಾಯಿ ದಿನವೂ ಆ ಖಾಲಿ ಜಾಗದ ಮುಂದೆ ನೀರಿಗೆ ಹೋಗಬೇಕಾಗುತ್ತದೆ ಎಂಬುದನ್ನು ಯಾರೂ ಯೋಚಿಸಲಿಲ್ಲ. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗಚಕ್ರದಲ್ಲಿ ಒಬ್ಬೊಬ್ಬ ಯೋಧನಿಗೂ ಒಂದೊಂದು ಗ್ರಾನೈಟ್ ಹಲಗೆ ಇದೆ. ನೀವೂ ನಡುವೆ ಕಲ್ಲನ್ನು ನಿಲ್ಲಿಸಿ, ಸುತ್ತಲಿನ ಕುಳ್ಳು ಗೋಡೆಯಲ್ಲಿ ಒಬ್ಬರಿಗೊಂದು ಹಲಗೆ ಕೂರಿಸಿ. ನೂರು ವರ್ಷದ ಹಿಂದಿನ ಹೆಸರು ನಾಳೆ ಸಿಕ್ಕರೂ ಸೇರಿಸಬಹುದು, ಯಾರ ಸಾವಿಗೂ ಜಾಗ ಕಾದಿರಿಸಿದಂತೆ ಆಗದು. ಹಲಗೆಗಳ ಅಳತೆ ಹುದ್ದೆಗೆ ತಕ್ಕಂತೆ ಬದಲಾಗಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಋಣಿಯಾಗಿದ್ದೇನೆ. ಮೂರ್ತಿಯ ಮುಂಗಡವನ್ನು ಸದ್ಯಕ್ಕೆ ತಡೆಹಿಡಿಯಲು ಪಂಚಾಯಿತಿಯವರು ಒಪ್ಪಿದ್ದಾರೆ. ಟಾರ್ಚಿನ ಬೆಳಕಿನಲ್ಲಿ ಸಂಖ್ಯೆ ಓದಲು ಸಿಕ್ಕಿತು: ಹದಿನೇಳು ಜನ ಹೋಗಿದ್ದರು. ದಾಖಲೆಯಲ್ಲಿ ನಮ್ಮೂರಿನ ಹೆಸರು ಎರಡು ಕಡೆ ಸಿಕ್ಕಿದೆ. ಅದರಲ್ಲಿ ಒಬ್ಬರ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಕಲ್ಲಪ್ಪ ಎಂದೂ ಓದಬಹುದು, ಕಾಳಪ್ಪ ಎಂದೂ ಓದಬಹುದು. ತಂದೆಯ ಹೆಸರಿನಿಂದ ಮನೆತನವನ್ನು ಅಂದಾಜು ಮಾಡಿದ್ದೇವೆ. ಆ ಮನೆಯ ಹಿರಿಯಜ್ಜಿ ಈಗ ಮಗಳ ಊರಾದ ನಂದಗಡದಲ್ಲಿದ್ದಾರೆ. ಭಾನುವಾರ ಹೋಗಿ ಅವರ ಬಾಯಿಂದಲೇ ಕೇಳಿಕೊಂಡು ಬಂದ ನಂತರ ಆ ಹಲಗೆಯ ಅಕ್ಷರಗಳನ್ನು ಬರೆಯಿಸುತ್ತೇವೆ.